ಭೋರಘಾಟದಲ್ಲಿ ಎರಡು ವಾಹನ

ಮುಂಬಯಿಯಿಂದ ಪುಣೆಯ ಕಡೆಗೆ ಹೊರಟವರು ಈಗ ಹೆಚ್ಚಾಗಿ 2002ರಲ್ಲಿ ಪೂರ್ಣಗೊಂಡ ಎಕ್ಸ್‌ಪ್ರೆಸ್ ಹೆದ್ದಾರಿಯನ್ನೇ ಹಿಡಿಯುತ್ತಾರೆ. ಆದರೆ ಸಹ್ಯಾದ್ರಿಯ ಸೊಬಗು ಬೇಕೆನ್ನುವವರು ಖೋಪೋಲಿಯಿಂದ ಖಂಡಾಳಕ್ಕೆ ಹತ್ತುವ ಹಳೆಯ ದಾರಿಯಲ್ಲೇ ಹೋಗಬೇಕು. ಮಳೆಗಾಲ ಮುಗಿಯುತ್ತಲೇ ನಾವು ಒಂಬತ್ತು ಮಂದಿ ಮಾಟುಂಗದಿಂದ ಆ ದಾರಿ ಹಿಡಿದೆವು. ಮುಂದೆ ನಮ್ಮ ಸೋದರಮಾವನವರ 1971ರ ಫಿಯಟ್. ಹಿಂದೆ ಅವರ ಮಗನ ಹೊಸ ಟೊಯೋಟಾ ಹೈಲಕ್ಸ್ ಪಿಕಪ್.

ಫಿಯಟ್ಟು ಕುರ್ಲಾದ ಪ್ರೀಮಿಯರ್ ಕಾರ್ಖಾನೆಯ ಕೂಸು. 1089 ಸಿ.ಸಿ. ಇಂಜಿನು, ನಲವತ್ತರ ಆಸುಪಾಸಿನ ಅಶ್ವಶಕ್ತಿ. ಇದರದೇ ತಂಗಿ ಪದ್ಮಿನಿ, ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ದಶಕಗಳ ಕಾಲ ದುಡಿದು 2023ರ ಅಕ್ಟೋಬರ್ ಕೊನೆಯಲ್ಲಿ ನಿವೃತ್ತಳಾದಳು. ಹೈಲಕ್ಸ್ ಆದರೋ ನಮ್ಮ ಬಿಡದಿಯಲ್ಲಿ ಜೋಡಣೆಯಾಗಿ 2022ರಲ್ಲಿ ಮಾರುಕಟ್ಟೆಗೆ ಬಂದದ್ದು. ತಟ್ಟೆ ಇಡ್ಲಿಯ ಊರಿನಿಂದ ಇಂಥ ದೈತ್ಯ ಹೊರಬಂದೀತೆಂದು ಯಾರು ಎಣಿಸಿದ್ದರು! 2755 ಸಿ.ಸಿ., ಇನ್ನೂರು ಮಿಕ್ಕ ಅಶ್ವಶಕ್ತಿ, 5325 ಮಿಲಿಮೀಟರು ಉದ್ದ. ಫಿಯಟ್ಟು ನಾಲ್ಕು ಮೀಟರೂ ಇಲ್ಲ. ಮಾಟುಂಗದ ಓಣಿಯಲ್ಲಿ ಎರಡನ್ನೂ ನಿಲ್ಲಿಸಿದಾಗ ನೆರೆಯವರು ದೂರುವುದು ಯಾವುದನ್ನೆಂದು ಹೇಳಬೇಕಾಗಿಲ್ಲ.

ಘಾಟಿ ಏರತೊಡಗಿದಂತೆ ಮಾವನವರು ಸ್ಟೀರಿಂಗಿನ ಪಕ್ಕದ ಗೇರಿನ ಕಡ್ಡಿಯನ್ನು ಎರಡಕ್ಕೆ, ಆಮೇಲೆ ಒಂದಕ್ಕೆ ಇಳಿಸಿದರು. ಬಾಗಿಲಿನ ಮುಕ್ಕೋನದ ಗಾಜನ್ನು ಓರೆಮಾಡಿದೊಡನೆ ಒದ್ದೆ ಮಣ್ಣಿನ ವಾಸನೆಯ ಗಾಳಿ ಮುಖಕ್ಕೆ ಬಡಿಯಿತು. ಒಂದೊಂದು ತಿರುವೂ ಕೈಗೆ, ಕಾಲಿಗೆ, ಕಿವಿಗೆ ತಿಳಿಯುತ್ತಿತ್ತು. ಪಿಕಪ್ಪಿನಲ್ಲಿ ಅದಾವುದೂ ಇಲ್ಲ. ತಂಪಾಗಿ, ಎತ್ತರದಲ್ಲಿ ಕುಳಿತು ಕಣಿವೆಯನ್ನು ಚಿತ್ರಪಟದಂತೆ ನೋಡಬಹುದು. ಅತ್ತೆಯವರನ್ನು ಅದಕ್ಕೆ ಹತ್ತಿಸಲು ಮಾತ್ರ ಇಬ್ಬರು ಬೇಕಾಯಿತು. ಆದರೂ ನಿಜ ಹೇಳಬೇಕು: ಒಂಬತ್ತು ಜನರ ಹಾಸಿಗೆ, ಪಾತ್ರೆ, ನೀರಿನ ಕ್ಯಾನು ಎಲ್ಲವನ್ನೂ ಅದರ ಹಿಂದಿನ ತೊಟ್ಟಿ ತುಟಿಪಿಟಕ್ಕೆನ್ನದೆ ಹೊತ್ತಿತು.

ಶಿಂಗ್ರೋಬನ ಗುಡಿಯ ಬಳಿ ಫಿಯಟ್ಟಿನ ಬಾನೆಟ್ಟಿನಿಂದ ಆವಿ ಎದ್ದಿತು. ಘಾಟಿಯ ದಾರಿಯನ್ನು ಇಂಗ್ಲಿಷರಿಗೆ ತೋರಿಸಿಕೊಟ್ಟ ಕುರುಬನೀತ. ಏನು ಬಹುಮಾನ ಬೇಕೆಂದಾಗ ದೇಶಕ್ಕೆ ಸ್ವಾತಂತ್ರ್ಯ ಕೊಡಿ ಎಂದನಂತೆ, ಗುಂಡಿಟ್ಟು ಕೊಂದರಂತೆ. ಇಂದಿಗೂ ಚಾಲಕರು ಇಲ್ಲಿ ನಾಣ್ಯ ಎಸೆದೇ ಮುಂದೆ ಸಾಗುವುದು. ನಾವೂ ಹಾಕಿದೆವು.

ಇಂಜಿನು ತಣಿಯುವವರೆಗೆ ತಂದೆ-ಮಗನ ಹಳೆಯ ವಾದ ಮತ್ತೆ ಎದ್ದಿತು. "ಅಪ್ಪಾ, ಐವತ್ತು ವರ್ಷ ದಾಟಿತಲ್ಲ, ವಿಂಟೇಜ್ ಎಂದು ನೋಂದಾಯಿಸಿಬಿಡಿ. 'ವಿಎ' ಅಕ್ಷರದ ನಂಬರು ಸಿಗುತ್ತದೆ, ಗೌರವ."

ಮಾವನವರು ನಮ್ಮತ್ತ ತಿರುಗಿ, "ನೀನು ಸರ್ಕಾರಿ ಮನುಷ್ಯ, ನಿಯಮ ಏನಯ್ಯಾ?" ಎಂದರು.

2021ರ ನಿಯಮವನ್ನು ನಾವು ಕೊನೆಯವರೆಗೆ ಓದಿದ್ದೆವು. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಆಮೇಲೆ ಪ್ರದರ್ಶನಕ್ಕೆ, ರ‍್ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ಪೆಟ್ರೋಲು-ರಿಪೇರಿಗೆಂದು ಮಾತ್ರ ರಸ್ತೆಗಿಳಿಸಬಹುದು.

"ಹಾಗಾದರೆ ಖಂಡಾಳಕ್ಕೆ?"

"ಬರುವಂತಿಲ್ಲ, ಮಾವಾ."

"ಹಾರ ಹಾಕಿ ಮನೆಯಲ್ಲಿ ಕೂರಿಸುವುದಕ್ಕೆ ನಾನೊಬ್ಬ ಇದ್ದೇನಲ್ಲ, ಸಾಲದೆ?"

ಐದು ವರ್ಷದ ಸಾಮಾನ್ಯ ನವೀಕರಣಕ್ಕೆ ಅರ್ಜಿ ತುಂಬಿಕೊಡುವ ಕೆಲಸ ನಮ್ಮ ಪಾಲಿಗೆ ಬಂತು. ಮಗ ಮರುಮಾತಾಡಲಿಲ್ಲ, ಪಿಕಪ್ಪಿನಿಂದ ನೀರಿನ ಕ್ಯಾನು ಇಳಿಸಿ ತಂದು, ರೇಡಿಯೇಟರಿನ ಮುಚ್ಚಳವನ್ನು ಬಟ್ಟೆಯಿಂದ ಹಿಡಿದು ಮೆಲ್ಲನೆ ತಿರುಗಿಸಿದ.