ಒಂದು ಹನಿ ಎಣ್ಣೆ

ದಿಲ್‌ಸುಖ್‌ನಗರದ ಮೆಟ್ರೊ ನಿಲ್ದಾಣದ ಹತ್ತಿರ ಒಂದು ಕನ್ನಡಕದಂಗಡಿ. ರಾಯಚೂರಿನಿಂದ ಕೋಚಿಂಗ್‌ಗೆ ಬಂದ ಹುಡುಗಿಗೆ ಮರುದಿನವೇ ಪರೀಕ್ಷೆ; ಇರುವುದೊಂದೇ ಕನ್ನಡಕ, ಅದರ ಕಡ್ಡಿ ಮುರಿದಿದೆ. ಹೊಸ ಕಡ್ಡಿ ಕೂರಿಸಲು ಹಳೆಯ ಸ್ಕ್ರೂ ಬಿಡಬೇಕು. ಅದೋ ಬೆವರಿನ ಉಪ್ಪಿಗೆ ತುಕ್ಕು ಹಿಡಿದು ಕೂತಿದೆ. ಹಾಸ್ಟೆಲ್‌ನಲ್ಲಿ ಚಾಕುವಿನ ತುದಿಯಿಂದ ತಿರುಗಿಸಿ ಅದರ ತಲೆಯ ಗೀರನ್ನೂ ಸವೆಸಿದ್ದಾಳೆ.

ಅಂಗಡಿಯವರು ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟು ಸುಮ್ಮನೆ ಕೂತರು. ಅವಳು ಗಡಿಯಾರ ನೋಡಿದಳು. ಎಣ್ಣೆ ಇಳಿಯಲಿ, ಈಗ ಬಲ ಹಾಕಿದರೆ ತಲೆ ಮುರಿದು ಕೊರೆದೇ ತೆಗೆಯಬೇಕಾಗುತ್ತದೆ ಎಂದು ತೆಲುಗಿನಲ್ಲಿ ಹೇಳಿದರು.

ಕಾಲು ಗಂಟೆಯ ನಂತರ ತೆಳು ಅರದಿಂದ ಹೊಸ ಗೀರು ಎಳೆದು, ಸ್ಕ್ರೂಡ್ರೈವರ್ ಒತ್ತಿ ಹಿಡಿದು, ಮೊದಲು ಕೂದಲೆಳೆಯಷ್ಟು ಬಿಗಿದರು, ಆಮೇಲೆ ಬಿಚ್ಚಿದರು. ಸಾಸಿವೆಯಷ್ಟಿದ್ದ ಸ್ಕ್ರೂ ಅಂಗೈಗೆ ಬಂತು.

ಕನ್ನಡಕ ಹಾಕಿಕೊಂಡು ಅವಳು ಎದುರಿನ ಕಟ್ಟಡದ ಫಲಕಗಳನ್ನೆಲ್ಲ ಓದಿ ನೋಡಿದಳು.