ತೆಂಗಿನ ತೋಟವೂ ಎಕ್ಸ್‌ಟೆನ್ಷನ್ ಫಾರಮ್ಮೂ

ಸೇನೆಯಲ್ಲಿ ಮೆಕ್ಯಾನಿಕ್ಕೋ ರೇಡಾರ್ ಟೆಕ್ನಿಶಿಯನ್ನೋ ಆದವರು ಅಲ್ಲೇ ಉಳಿಯುವುದು ಯಾಕೆ, ಬಿಟ್ಟು ಬರುವುದು ಯಾಕೆ? ಸಂಬಳ ಅಂತಾರೆ, ಬಡ್ತಿ ಅಂತಾರೆ. ಇರಬಹುದು. ನಮ್ಮ ಹಾಸನ ಜಿಲ್ಲೆಯ ಮಟ್ಟಿಗೆ ಮಾತ್ರ ಅದನ್ನು ತೀರ್ಮಾನಿಸುವುದು ಬೆಳೆ ಅಂತ ನನ್ನ ವಾದ. ಚನ್ನರಾಯಪಟ್ಟಣದ ತೆಂಗಿನವರು ಪಿಂಚಣಿ ಗಟ್ಟಿಯಾಗಿದ್ದೇ ತಡ, ಟ್ರಂಕು ಕಟ್ಟುತ್ತಾರೆ. ಅರಕಲಗೂಡಿನ ಆಲೂಗೆಡ್ಡೆಯವರು ಸೇವೆ ಮುಂದುವರಿಸಲು ಇನ್ನೊಂದು ಎಕ್ಸ್‌ಟೆನ್ಷನ್ ಫಾರಂ ತುಂಬುತ್ತಾರೆ. ಗಿಡಕ್ಕೆ ಅಂಗಮಾರಿ ಬಡಿದ ವರ್ಷ ತಿಂಗಳ ಸಂಬಳದ ಬೆಲೆ ಏನೆಂದು ಅವರಿಗೆ ಗೊತ್ತು. ಹೊಳೆನರಸೀಪುರದವರೋ? ಅವರ ದೃಷ್ಟಿಯೇ ಬೇರೆ. ಹರದನಹಳ್ಳಿಯ ದೇವೇಗೌಡರು ಸಿವಿಲ್ ಡಿಪ್ಲೊಮಾ ಓದಿ 1996ರಲ್ಲಿ ಪ್ರಧಾನಿಯೇ ಆಗಿಬಿಟ್ಟರಲ್ಲ, ಮಿಕ್ಕ ಡಿಪ್ಲೊಮಾದವರ ಆಸೆಗೆ ಲಗಾಮು ಹಾಕುವವರು ಯಾರು!

ಆಸೆ ಅಂದೆನಲ್ಲ, ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ನೆನಪಾದರು. 1971ರ ಯುದ್ಧ ಕಂಡವರು, ಎಂಟೇ ವರ್ಷಕ್ಕೆ ಸೇನೆ ಬಿಟ್ಟರು. ಹೇಮಾವತಿ ಅಣೆಕಟ್ಟೆಯಲ್ಲಿ ಮುಳುಗಿದ ಜಮೀನಿಗೆ ಬದಲಾಗಿ ಜಾವಗಲ್ ಹತ್ತಿರ ಸಿಕ್ಕ ಬರಡು ನೆಲದಲ್ಲಿ ರೇಷ್ಮೆ ತೆಗೆದರು, 2003ರಲ್ಲಿ ಏರ್ ಡೆಕ್ಕನ್ ವಿಮಾನ ಹಾರಿಸಿದರು. ಅವರು ಟೆಕ್ನಿಶಿಯನ್ ಅಲ್ಲ, ಅಧಿಕಾರಿ. ಇರಲಿ ಬಿಡಿ, ಹರಟೆಯಲ್ಲಿ ಅಷ್ಟು ನಡೆಯುತ್ತದೆ.

ಎಲ್ಲಿದ್ದೆ? ಹಾಂ, ಟೆಕ್ನಿಶಿಯನ್ನರು. 2022ಕ್ಕೆ ಮೊದಲು ವಾಯುಪಡೆ ಸೇರಿದ ಏರ್‌ಮನ್‌ಗೆ ಮೊದಲ ಕರಾರು 20 ವರ್ಷ. ಪಿಂಚಣಿಗೆ 15 ಸಾಕು. ಹತ್ತೊಂಬತ್ತಕ್ಕೆ ಸೇರಿದವನಿಗೆ ನಲವತ್ತು ಹತ್ತಿರವಾಗುವ ಹೊತ್ತಿಗೆ ಮಗಳು ಹತ್ತನೇ ಕ್ಲಾಸು, ಊರಲ್ಲಿ ಅಪ್ಪನಿಗೆ ಮಂಡಿನೋವು, ಮುಂದಿನ ಪೋಸ್ಟಿಂಗ್ ಅಸ್ಸಾಮಿನ ತೇಜಪುರ. ಆಗ ಬಿಡದೆ ಏನು ಮಾಡಿಯಾನು?

ಹಾಗೆ ಬಿಟ್ಟು ಬಂದ ನಮ್ಮ ಭಾವ ತೋಟದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವುದನ್ನು ನೀವು ನೋಡಬೇಕು. ತಲೆಗೆ ತೂತು ಕೊರೆದಿಟ್ಟ ಬೋಲ್ಟು ಬಿಗಿದ ಮೇಲೆ ಆ ತೂತಿಗೆ ತಂತಿ ಪೋಣಿಸಿ, ಜಡೆಯ ಹಾಗೆ ಹೊಸೆದು ಪಕ್ಕದ ಬೋಲ್ಟಿಗೆ ಬಿಗಿಯುತ್ತಾರೆ. ವಿಮಾನದ ಎಂಜಿನ್ನಿಗೆ ಹಾಗೇ ಕಟ್ಟುತ್ತಿದ್ದರಂತೆ, ಎಷ್ಟು ಅದುರಿದರೂ ಸಡಿಲ ಆಗಬಾರದೆಂದು. ಆಮೇಲೆ ಸ್ಪ್ಯಾನರುಗಳ ಎಣಿಕೆ. ಒಂದು ಕಡಿಮೆ ಬಂತೋ, ಅದು ಸಿಗುವ ತನಕ ಯಾರೂ ಸ್ವಿಚ್ ಮುಟ್ಟುವ ಹಾಗಿಲ್ಲ. ಅಕ್ಕ ಖಾಲಿ ಕೊಡ ಹಿಡಿದು ಕಾಯಬೇಕು.

‘ಯಾಕೆ ಬಿಟ್ಟು ಬಂದ್ರಿ ಭಾವ?’ ಅಂದರೆ, ‘ತೋಟ ನೋಡ್ಕೊಳ್ಳೋರು ಇರ್ಲಿಲ್ಲ ಕಣಯ್ಯ’ ಅನ್ನುತ್ತಾರೆ. ಅಕ್ಕನ ಪಾಠವೇ ಬೇರೆ: ‘ತೋಟಾನಾ? ಅದನ್ನ ಆಳು ನೋಡ್ಕೊಳ್ತಿದ್ದ ಕಣೋ. ಪ್ರಮೋಷನ್ ಆದ್ರೆ ಸ್ಪ್ಯಾನರ್ ಕಿತ್ಕೊಂಡು ಕೈಗೆ ಫೈಲು ಕೊಡ್ತಾರೆ ಅಂತ ಓಡಿ ಬಂದ್ರು.’

ಮಿಲಿಟ್ರಿಯವರನ್ನು ಏನಾದರೂ ಕೇಳುವುದಿದ್ದರೆ, ಮೊದಲು ಅವರ ಮನೆಯವರನ್ನು ಕೇಳಿಬಿಡಿ.