ಆಕಾಶಬುಟ್ಟಿಯಿಂದ ಮೃಗದರ್ಶನ

ಆಕಾಶಬುಟ್ಟಿಯೆಂದರೆ ಹುಮನಾಬಾದು, ಬಸವಕಲ್ಯಾಣಗಳ ಕಡೆಯ ಮನೆಗಳಲ್ಲಿ ದೀಪಾವಳಿಯ ಗೂಡುದೀಪವೆಂದೇ ಅರ್ಥ. ಬಿದಿರುಕಡ್ಡಿಯ ಹಂದರಕ್ಕೆ ಬಣ್ಣದ ಕಾಗದವನ್ನಂಟಿಸಿ, ಒಳಗೆ ದೀಪವನ್ನಿಟ್ಟು, ಮಾಳಿಗೆಯ ಮೇಲಿನ ಕೋಲಿಗೆ ಕಟ್ಟಿದರಾಯಿತು. ಹೆಸರು ಆಕಾಶದ್ದಾದರೂ ಅದರ ಗತಿ ಕೋಲಿನ ತುದಿಯವರೆಗೆ ಮಾತ್ರ. ಹೀಗಿರುವಲ್ಲಿ ಹುಮನಾಬಾದಿನ ವೃದ್ಧ ಯಜಮಾನರೊಬ್ಬರು 2023ನೆಯ ಇಸವಿಯ ಆಗಸ್ಟಿನಲ್ಲಿ, ನೈರೋಬಿಯಲ್ಲಿ ಉದ್ಯೋಗದಲ್ಲಿರುವ ಮಗನ ಬಲವಂತಕ್ಕೆ ಸಿಕ್ಕಿ, ನಿಜವಾಗಿಯೂ ಮನುಷ್ಯರನ್ನು ಹೊತ್ತು ಮೇಲಕ್ಕೇರುವ ಬುಟ್ಟಿಯನ್ನು ಹತ್ತಿದರೆಂಬ ವರ್ತಮಾನವು ಊರಿಗೆ ಮುಟ್ಟಿದಾಗ, ಅನೇಕರು ಅದನ್ನು ವಿನೋದದ ಮಾತೆಂದೇ ತಿಳಿದರು.

ಯಜಮಾನರಿಗೆ ಬಸವಕಲ್ಯಾಣದ ದಾರಿಯಲ್ಲಿ, ಹಳ್ಳದ ದಂಡೆಗೆ, ಕಡಲೆಯ ಹೊಲವುಂಟು. ಬೀದರ ಜಿಲ್ಲೆಯ ಬಯಲುಗಳಲ್ಲಿ ಇನ್ನೂ ಉಳಿದುಕೊಂಡಿರುವ ಕೃಷ್ಣಮೃಗಗಳು, ಒಕ್ಕಲಿಗರ ಬಾಯಲ್ಲಿ ಚಿಗರಿಗಳು, ವರ್ಷವೂ ಆ ಹೊಲದ ಎಳೆಯ ಕುಡಿಗಳನ್ನು ಮೇದುಹೋಗುತ್ತವೆ. 1972ರ ವನ್ಯಜೀವಿ ಕಾನೂನಿನಂತೆ ಅವುಗಳನ್ನು ಕೊಲ್ಲಕೂಡದು. ಕೊಲ್ಲುವ ಮನಸ್ಸೂ ಆ ಮನೆತನದವರಿಗಿಲ್ಲ. ಆದರೆ ಹೊಲದ ಸುತ್ತ ತಂತಿಯ ಬೇಲಿ ಬೇಕೇ ಬೇಕೆಂದು ತಮ್ಮನ ಹಟ. ಹಳ್ಳದ ನೀರಿಗೆ ಬರುವ ದಾರಿಯೇ ಮುಚ್ಚಿಹೋಗುವುದೆಂದು ಅಣ್ಣನ ಹಿಂಜರಿಕೆ. ತಿರುಗಿ ಬಂದ ಮೇಲೆ ನೋಡೋಣವೆಂದು ಹೇಳಿ ಯಜಮಾನರು ಹೊರಟಿದ್ದರು.

ಕಾಯಿಸಿದ ಗಾಳಿಯು ಹಗುರಾಗಿ ಮೇಲಕ್ಕೇರುವುದೆಂಬುದನ್ನು ಫ್ರಾನ್ಸಿನ ಮಾಂಟ್‌ಗಾಲ್ಫಿಯೆ ಸಹೋದರರು 1783ರಲ್ಲಿ ಲೋಕಕ್ಕೆ ತೋರಿಸಿಕೊಟ್ಟರು. ಆ ಸಪ್ಟೆಂಬರಿನಲ್ಲಿ ಮೊದಲು ಹಾರಿದವು ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜ. ಮನುಷ್ಯರು ಏರಿದುದು ನವೆಂಬರಿನಲ್ಲಿ. ಅಪಾಯದ ಕೆಲಸಕ್ಕೆ ಮೂಕಪ್ರಾಣಿಗಳನ್ನು ಮುಂದೆ ಮಾಡುವ ಪದ್ಧತಿ ಎಲ್ಲ ದೇಶಗಳಲ್ಲಿಯೂ ಒಂದೇ. ಆಫ್ರಿಕದ ಮೃಗಗಳನ್ನು ಹೀಗೆ ಮೇಲಿನಿಂದ ತೋರಿಸುವ ವ್ಯವಹಾರವನ್ನು ಆಲನ್ ರೂಟ್ ಎಂಬ ಚಲಚ್ಚಿತ್ರಕಾರನು 1976ರಲ್ಲಿ ಕೇನ್ಯಾದ ಮಸಾಯಿ ಮಾರಾದಲ್ಲಿ ಆರಂಭಿಸಿದನು. ಇದಕ್ಕೆ ಸಫಾರಿಯೆಂದು ಹೆಸರು. ಸ್ವಾಹಿಲಿಯ ಈ ಶಬ್ದದ ಮೂಲವು ಅರಬ್ಬಿಯ ಸಫರ್. ನಿಜಾಮನ ಸೀಮೆಯಲ್ಲಿದ್ದ ಬೀದರಿನವರಿಗೆ ಅದರ ಅರ್ಥವನ್ನು ಯಾರೂ ಹೇಳಿಕೊಡಬೇಕಾದುದಿಲ್ಲ.

ಸೂರ್ಯೋದಯಕ್ಕೆ ಮೊದಲೇ ಹೊರಡಬೇಕು. ಬಿಸಿಲೇರಿ ನೆಲ ಕಾದರೆ ಗಾಳಿ ಕದಡುತ್ತದೆ. ಬೆತ್ತದ ಬುಟ್ಟಿಯು ಮೊದಲು ಮಗ್ಗುಲಾಗಿ ಮಲಗಿರುತ್ತದೆ. ಯಾತ್ರಿಕರೂ ಅದರೊಳಗೆ ಅಂಗಾತ ಮಲಗಬೇಕು. ತಲೆಯ ಮೇಲೆ ಉರಿಯ ನಾಲಗೆ ಭೋರ್ಗರೆದಾಗ ಯಜಮಾನರು ಮಾಣಿಕಪ್ರಭುಗಳನ್ನು ನೆನೆದು ಕಣ್ಣು ಮುಚ್ಚಿದರು. ತೆರೆಯುವಷ್ಟರಲ್ಲಿ ನೆಲವು ಕೆಳಗೆ ಉಳಿದಿದ್ದಿತು. ಆ ವಾಹನಕ್ಕೆ ಚುಕ್ಕಾಣಿಯಿಲ್ಲ; ಮೇಲೆ ಕೆಳಗೆ ಮಾಡಿ ಅನುಕೂಲವಾದ ಗಾಳಿಯನ್ನು ಹುಡುಕಿಕೊಳ್ಳುವುದಷ್ಟೇ ಸಾರಥಿಯ ಕೈಯಲ್ಲಿರುವುದು. ಗಾಳಿಯ ಜೊತೆಗೇ ಹೋಗುವುದರಿಂದ ಮುಖಕ್ಕೆ ಗಾಳಿ ತಾಗುವುದೇ ಇಲ್ಲವೆಂಬುದು ಅವರಿಗೆ ಬಹಳ ಸೋಜಿಗವಾಯಿತು.

ಸಿಂಹವನ್ನು ನೋಡಬೇಕೆಂದು ಹೋದವರ ಕಣ್ಣಿಗೆ ಬಿದ್ದುದು ಹುಲ್ಲು. ನೇಗಿಲ ಸಾಲುಗಳಂತೆ ಅದರಲ್ಲಿ ಕೊರೆದ ಕಾಲುದಾರಿಗಳು. ಸೆರೆಂಗೆಟಿಯಿಂದ ಲಕ್ಷೋಪಲಕ್ಷವಾಗಿ ಮೇವನ್ನರಸಿ ಬರುವ ವಿಲ್ಡೆಬೀಸ್ಟ್ ಎಂಬ ಮೃಗಗಳು ತುಳಿದು ಮಾಡಿದವು. ಬುಟ್ಟಿಯ ನೆರಳು ಹುಲ್ಲಿನ ಮೇಲೆ ಸರಿದಂತೆ ಚಿಗರಿಗಳಂತಹ ಸಣ್ಣ ಹುಲ್ಲೆಗಳು ಓಡಿ, ನಿಂತು, ಕತ್ತು ತಿರುಗಿಸಿ ನೋಡುತ್ತಿದ್ದವು. ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನು ರಥದ ಮೇಲಿಂದ ಬಾಣ ಹೂಡಿ ಬೆನ್ನಟ್ಟಿದ ಮೃಗವೂ ಹೀಗೆಯೇ ಹಿಂದಿರುಗಿ ನೋಡುತ್ತದೆ; ಏಳನೆಯ ಅಂಕದಲ್ಲಿ ಅದೇ ರಾಜನು ಇಂದ್ರನ ರಥದಿಂದ ಇಳಿಯುತ್ತ, ಬಿಲ್ಲನ್ನು ಮರೆತು, ಭೂಮಿಯನ್ನು ಬೆರಗಿನಿಂದ ನೋಡುತ್ತಾನೆ.

ಒಂದು ಹುತ್ತದ ಮೇಲೆ ಕುಳಿತಿದ್ದ ಚುಕ್ಕೆಯ ಮೃಗವನ್ನು ಸಾರಥಿಯು ಚೀತಾ ಎಂದು ತೋರಿಸಿದನು. ಸಂಸ್ಕೃತದ ಚಿತ್ರಕವೇ ಹಿಂದಿಯಲ್ಲಿ ಚೀತಾ ಆಗಿ ಅಲ್ಲಿಗೂ ಹೋಗಿದೆ. ಕನ್ನಡಿಗರು ಇದನ್ನು ಚಿರತೆಯೊಡನೆ ಬೆರೆಸಿ ಗೊಂದಲ ಮಾಡಿಕೊಳ್ಳುವುದುಂಟು. ಈ ಮೃಗವನ್ನು ಭಾರತದಲ್ಲಿ ಪಳಗಿಸಿ ಬೇಟೆಯಾಡಿಸುತ್ತಿದ್ದುದಕ್ಕೆ ಅತ್ಯಂತ ಹಳೆಯ ಲಿಖಿತ ಆಧಾರವೆಂದು ವಿದ್ವಾಂಸರು ಹೇಳುವುದು ಮಾನಸೋಲ್ಲಾಸವನ್ನು. ಅದನ್ನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದವನು ಕಲ್ಯಾಣದ ಅರಸು, ಚಾಲುಕ್ಯ ಮೂರನೆಯ ಸೋಮೇಶ್ವರ. ಇಂದಿನ ಬಸವಕಲ್ಯಾಣವೇ ಆ ರಾಜಧಾನಿ. ಅವನಿಗೆ ಮೃಗಯೆಯು ವಿನೋದಗಳಲ್ಲೊಂದು. ಚೀತಾವು ಭಾರತದಲ್ಲಿ ಅಳಿದುಹೋಯಿತೆಂದು 1952ರಲ್ಲಿ ಸಾರಲಾಯಿತು. 2022ರಲ್ಲಿ ನಮೀಬಿಯದಿಂದ ಎಂಟನ್ನು ಮಧ್ಯಪ್ರದೇಶದ ಕುನೋ ಅರಣ್ಯಕ್ಕೆ ತರಬೇಕಾಗಿ ಬಂದಿತು. ಬೇಟೆಗಾರ ಮೃಗವು ಹೋಯಿತು, ಬೇಟೆಯಾಡಿಸಿದ ಅರಸನೂ ಹೋದನು. ಅವರಿಬ್ಬರಿಗೂ ಗುರಿಯಾಗಿದ್ದ ಚಿಗರಿಯೊಂದು ಯಜಮಾನರ ಕಡಲೆಯ ಹೊಲದಲ್ಲಿ ಉಳಿದಿದೆ.

ಈ ದರ್ಶನವು ಮೃಗಗಳಿಗೆ ಕಿಂಚಿತ್ತೂ ಉಪದ್ರವವಿಲ್ಲದ್ದೆನ್ನುವುದು ಉತ್ಪ್ರೇಕ್ಷೆಯೇ. ಉರಿಯ ಸದ್ದಿಗೆ ಆನೆಗಳು ಕಿವಿ ನಿಮಿರಿಸಿ ದೂರ ಸರಿದುದನ್ನು ಯಜಮಾನರು ಕಂಡರು. ಆದರೂ ಬಾಣಕ್ಕಿಂತ ಸದ್ದು ಲೇಸು.

ಬುಟ್ಟಿ ನೆಲಕ್ಕಿಳಿದ ಮೇಲೆ ಹುಲ್ಲಿನ ಮೇಲೆಯೇ ಉಪಾಹಾರ. ಉಳಿದವರು ದ್ರಾಕ್ಷಾರಸವನ್ನು ಕುಡಿಯುತ್ತಿರಲು, ಸೊಸೆ ಕಟ್ಟಿಕೊಟ್ಟಿದ್ದ ಜೋಳದ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ಬಿಚ್ಚಿ ಯಜಮಾನರು ಮಗನ ಮುಖಾಂತರ ಒಂದೇ ಪ್ರಶ್ನೆಯನ್ನು ಕೇಳಿಸಿದರು: ಇಷ್ಟು ಮೃಗಗಳು ಮೇಯುವುದು ಯಾರ ಹೊಲವನ್ನು? ಉತ್ತರವು ಅವರು ನಿರೀಕ್ಷಿಸಿದ್ದುದಲ್ಲ. ರಕ್ಷಿತ ಪ್ರದೇಶದ ಹೊರಗೆ ಮಸಾಯಿ ದನಗಾಹಿಗಳ ಭೂಮಿಯುಂಟು. ಅವರ ದನಗಳನ್ನು ಸಿಂಹಗಳು ಹಿಡಿಯುವುದೂ ಉಂಟು. ಮೃಗಗಳಿಗಾಗಿ ಆ ಭೂಮಿಯನ್ನು ಗುತ್ತಿಗೆಗೆ ಪಡೆದು, ಯಾತ್ರಿಕರ ಹಣದಿಂದ ಒಡೆಯರಿಗೆ ಬಾಡಿಗೆ ಕೊಡುವ ಏರ್ಪಾಡು ಅಲ್ಲಿದೆ. ನೋಡುವವನು ಕೊಡುತ್ತಾನೆ. ಹುಮನಾಬಾದಿನ ಚಿಗರಿಗಳನ್ನು ನೋಡಲು ಬುಟ್ಟಿ ಹತ್ತುವವರಿಲ್ಲ, ಕೊಡುವವನು ಹೊಲದವನೊಬ್ಬನೇ.

ಊರಿಗೆ ಬಂದ ಮೇಲೆ ಬೇಲಿಯಾಯಿತು, ಮೂರು ಕಡೆಗೆ. ಹಳ್ಳದ ಕಡೆಯನ್ನು ಯಜಮಾನರು ತೆರೆದೇ ಬಿಡಿಸಿದರು. ಚಳಿಗಾಲದಲ್ಲಿ ಚಿಗರಿಗಳು ಎಂದಿನಂತೆ ಬಂದವು, ಎಂದಿನಂತೆ ಮೇದವು. ರಾಶಿಯಾದಾಗ ಮೂರು ಚೀಲ ಕಡಮೆ ಬಿದ್ದಿತು. ಅದನ್ನು ಧರ್ಮದ ಖಾತೆಗೆ ಬರೆಯೋಣವೆಂದು ಗುಮಾಸ್ತನು ಕೇಳಿದಾಗ, ಧರ್ಮವಲ್ಲ, ಬಾಡಿಗೆಯ ಬಾಕಿಯೆಂದು ಬರೆ ಎಂದರು. ಬಾಕಿಯು ಯಾರಿಂದ ಬರತಕ್ಕದ್ದೆಂದು ತಮ್ಮನು ಕೇಳುತ್ತಲೇ ಇದ್ದಾನೆ. ಆ ಸಾಲಿಗೆ ಅವನು ಇನ್ನೂ ರುಜು ಹಾಕಿಲ್ಲ.